ಬಾಟಲಿ ಕಾಫಿಗೆ ಸಿಕ್ಕ ಪರಿಹಾರ

ಮದುವೆಯಾದ ಹೆಂಗಸಿಗೆ ಒಂದಾದರೂ ಗುಟ್ಟಿರಬೇಕು. ಇಲ್ಲದಿದ್ದರೆ ಮುಖಕ್ಕೆ ಕಳೆ ಇರುವುದಿಲ್ಲ. ನನ್ನ ಗುಟ್ಟು ಇನ್‌ಸ್ಟಂಟ್ ಕಾಫಿ. ಬೆಳಗೋಡಿನ ಹತ್ತಿರ ಸ್ವಂತ ತೋಟವಿಟ್ಟುಕೊಂಡು ಬಾಟಲಿ ಪುಡಿ ಕುಡಿಯುವುದೆಂದರೆ ನಮ್ಮಲ್ಲಿ ಅದು ಹೆಚ್ಚುಕಡಿಮೆ ಅಡಲ್ಟರಿ. ಏನು ಮಾಡಲಿ, ನಮ್ಮ ಯಜಮಾನರು ಬೀಜ ತಾವೇ ಹುರಿಯುತ್ತಾರೆ. ಇದ್ದಿಲಾಗುವ ತನಕ ಬಿಡುವುದಿಲ್ಲ. ಹಾಗಾಗಿ ಅವರ ಪುಡಿಯನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದು, ಆನ್‌ಲೈನ್ ಅಂಗಡಿಯಿಂದ ತರಿಸಿದ್ದನ್ನು ಇಬ್ಬರ ಲೋಟಕ್ಕೂ ಕಲಸುತ್ತಿದ್ದೆ. "ನಮ್ ತೋಟದ ಕಾಫಿ ಅಂದ್ರೆ ಇದು ಕಣೇ!" ಎಂದು ಅವರು ಮೀಸೆ ಒರೆಸಿಕೊಂಡರೆ, ನಾನು ಗಾಡ್ ಫರ್ಗಿವ್ ಮಿ ಎಂದು ಕಿಟಕಿಯ ಆಚೆ ನೋಡುತ್ತಿದ್ದೆ. ಗುಲಾಬಿಗಳು ಮಾತ್ರ ಸೊಗಸಾಗಿ ಅರಳುತ್ತಿದ್ದವು.

ಅಷ್ಟರಲ್ಲಿ ಆ ಅಂಗಡಿಯ ಮೇಲ್ ಬಂತು. ಗಿರಾಕಿಗಳ ಹೆಸರು, ಫೋನ್ ನಂಬರ್, ಕೊಂಡ ಸಾಮಾನು ಎಲ್ಲವನ್ನೂ ಯಾರೋ ಕದ್ದಿದ್ದಾರಂತೆ, ವೆರಿ ಸಾರಿಯಂತೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಕಾಗದಗಳನ್ನು ಒಡೆದು ಓದಿ, ಸ್ಪೆಲ್ಲಿಂಗ್ ತಿದ್ದಿ ಕೊಡುತ್ತಿದ್ದರು. ಆಗ ಅದನ್ನು ಡೇಟಾ ಬ್ರೀಚ್ ಅನ್ನುತ್ತಿರಲಿಲ್ಲ, ಡಿಸಿಪ್ಲಿನ್ ಅನ್ನುತ್ತಿದ್ದರು. ಈಗ ಗುರುತಿಲ್ಲದವರು ಫೋನ್ ಮಾಡಿ, "ಮೇಡಂ, ಕಾಫಿ ಬಾಟಲಿ ಮುಗಿದಿರಬೇಕಲ್ಲ?" ಎನ್ನತೊಡಗಿದರು. ಒಂದು ಕಾಲ್ ಯಜಮಾನರ ಕೈಗೆ ಸಿಕ್ಕಿದರೆ ಮುಗಿಯಿತು! ಆಲೂರಿನಲ್ಲಿ ವಕೀಲಳಾಗಿರುವ ಸೋದರ ಸೊಸೆ ಶೈಲಜಾಳ ಬಳಿ ಓಡಿದೆ.

"ಅದ್ಸರಿ ಅತ್ತೆ, ನಿಮ್ಗಾಗಿರೋ ನಷ್ಟ ಏನು?"

"ಮಾನ ಕಣೇ!"

"ಮಾವನಿಗೆ ಗೊತ್ತಾಗೈತಾ?"

"ಗೊತ್ತಾಗ್ಬಾರ್ದು ಅಂತಲೇ ಬಂದಿರೋದು!"

"ಗೊತ್ತಾಗ್ದೇ ಇದ್ರೆ ನಷ್ಟ ಎಲ್ಲೈತೆ ಅತ್ತೆ? ಪ್ರೂಫ್ ಬೇಡ್ವಾ?"

ಬಾಯಲ್ಲಿ ಹೀಗಂದರೂ ಖಾರವಾದ ನೋಟಿಸನ್ನೇ ಕಳಿಸಿದಳು. ಅಂಗಡಿಯವರು ಹೆದರಿದರೋ ಏನೋ, ಪರಿಹಾರ ಬಂದೇಬಿಟ್ಟಿತು. ಕಣದಲ್ಲಿ ಯಜಮಾನರು ಕಾಫಿ ಹಣ್ಣು ಹರವಿಸುತ್ತಿದ್ದಾಗ ಗೇಟಿನೆದುರು ಬಸ್ಸು ನಿಂತಿತು. ಕಂಡಕ್ಟರ್ ದೊಡ್ಡದೊಂದು ಪೆಟ್ಟಿಗೆ ಇಳಿಸಿದ. ಮೈತುಂಬ ಬಾಟಲಿಯ ಚಿತ್ರ.

"ಅಮ್ಮಾವ್ರೇ, ನಿಮ್ ಕಾಫಿ ಬಂದೈತೆ! ಇದೇನ್ ಮಾರಾಯ್ರೇ, ತೋಟದೋರೇ ಬಾಟ್ಲಿ ಕಾಫಿಗೆ ಇಳಿದ್ಬುಟ್ರಾ?"

ಬಸ್ಸಿಗೆ ಬಸ್ಸೇ ಕಿಟಕಿಗೆ ಬಂದು ನಕ್ಕಿತು. ಯಜಮಾನರು ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. "ಇಷ್ಟು ವರ್ಷ ನಾನು ಹೊಗಳಿದ್ದು ಇದನ್ನೇನೇ?" ಎಂದರು.

ಮರುದಿನದಿಂದ ಕಾಫಿ ಅವರದೇ ಕೈಯಿಂದ. ತಾವೇ ಹುರಿದು, ತಾವೇ ಸೋಸಿ, ಎರಡು ಹೊತ್ತೂ ನನ್ನೆದುರು ಲೋಟ ಇಡುತ್ತಾರೆ. ಶೈಲಜಾ ಕೇಳಿದ ನಷ್ಟ, ಪ್ರೂಫ್ ಎರಡೂ ಈಗ ಅದೇ ಲೋಟದಲ್ಲಿವೆ. ಮೆಲ್ಲಗೆ ಗುಲಾಬಿ ಗಿಡದ ಕಡೆ ಹೊರಟರೆ, ಹಿಂದೆಯೇ ಬಂದು ಕೇಳುತ್ತಾರೆ: "ಹೆಂಗೈತೆ ಕಾಫಿ?"

"ಲವ್ಲೀ," ಅನ್ನುತ್ತೇನೆ.