ಪ್ರಶ್ನೆ ಕೇಳುವವರು ಬೇಕಾಗಿದ್ದಾರೆ

ಮನುಷ್ಯ ಒಬ್ಬನೇ ಇದ್ದುಕೊಂಡು ಎಷ್ಟೋ ಕೆಲಸ ಮಾಡಬಹುದು. ಒಬ್ಬನೇ ಅಡುಗೆ ಮಾಡಿ, ಒಬ್ಬನೇ ಉಂಡು, ಉಪ್ಪು ಕಡಿಮೆಯಾಯಿತೆಂದು ಯಾರ ಮೇಲೂ ರೇಗದೆ ಎದ್ದು ಕೈ ತೊಳೆಯಬಹುದು. ಜ್ವರ ಬಂದರೆ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳಬಹುದು. ಕೈಯೂ ಬಿಸಿ, ಹಣೆಯೂ ಬಿಸಿ, ಹಾಗಾಗಿ ಜ್ವರವೇ ಇಲ್ಲವೆಂದು ತೀರ್ಮಾನವಾಗುತ್ತದೆ. ಆದರೆ ತನಗೆ ತಾನೇ ಪ್ರಶ್ನೆ ಕೇಳಿಕೊಂಡು ಉತ್ತರ ಹೇಳುವುದು ಮಾತ್ರ ಆಗದ ಕೆಲಸ. ಪ್ರಶ್ನೆ ಓದುವ ಕಣ್ಣು ಕೆಳಗಿನ ಉತ್ತರವನ್ನೂ ಕದ್ದು ನೋಡಿಬಿಟ್ಟಿರುತ್ತದೆ. ಸರ್ಕಾರಿ ಕೆಲಸದ ಪರೀಕ್ಷೆ ಕಟ್ಟುತ್ತಲೇ ತಲೆಗೂದಲು ನೆರೆಸಿಕೊಂಡವನ ಅನುಭವದ ಮಾತಿದು.

ಮೊದಲು ನನಗೆ ಈ ಕಷ್ಟವಿರಲಿಲ್ಲ. ಚಿಕ್ಕಬಳ್ಳಾಪುರದ ಒಂದು ಬಾಡಿಗೆ ರೂಮಿನಲ್ಲಿ ನಾವು ಮೂವರು ಗೆಳೆಯರಿದ್ದೆವು. ಒಬ್ಬ ಪುಸ್ತಕ ಹಿಡಿದು ಕೇಳುವುದು, ಇಬ್ಬರು ಹೇಳುವುದು. ಸುಗ್ರೀವಾಜ್ಞೆ ಎಂದರೇನು, ಸಂಚಿತ ನಿಧಿ ಎಂದರೇನು, ಸದನದ ಕೋರಂ ಎಷ್ಟು. ತಪ್ಪು ಹೇಳಿದವನು ಕೆಳಗಿಳಿದು ಹೋಗಿ ಟೀ ತರಬೇಕು. ಆ ಟೀ ಅಂಗಡಿಯವನಿಗೆ ನಮ್ಮಲ್ಲಿ ನನ್ನ ಮುಖವೊಂದೇ ಚೆನ್ನಾಗಿ ಪರಿಚಯವಿತ್ತು. ಆಮೇಲೆ ಒಬ್ಬನಿಗೆ ಪೆರೇಸಂದ್ರದ ಕಡೆ ಪಂಚಾಯ್ತಿಯಲ್ಲಿ ಕೆಲಸವಾಯಿತು, ಇನ್ನೊಬ್ಬ ಚಿಂತಾಮಣಿಯ ಕಚೇರಿಯೊಂದಕ್ಕೆ ಹೋದ. ನಾನು ಶಿಡ್ಲಘಟ್ಟದ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾದೆ, ಸದ್ಯಕ್ಕೆ ಎಂದುಕೊಂಡು. ‘ಸದ್ಯಕ್ಕೆ’ ಎನ್ನುವುದು ಮೂರೇ ಅಕ್ಷರದ ಪದವಾದರೂ ಬಹಳ ಉದ್ದ ಎಂಬುದು ಇಲ್ಲಿಗೆ ಬಂದಮೇಲೆ ತಿಳಿಯಿತು.

ಮೊದಮೊದಲು ಗೆಳೆಯರು ಫೋನಿನಲ್ಲೇ ಪ್ರಶ್ನೆ ಕೇಳುತ್ತಿದ್ದರು. ಬರಬರುತ್ತ ಮೀಟಿಂಗಿನಲ್ಲಿದ್ದೇನೆ ಎನ್ನತೊಡಗಿದರು. ಅವರ ತಪ್ಪೇನಿಲ್ಲ; ನಾವು ಬಾಯಿಪಾಠ ಮಾಡಿದ್ದನ್ನು ಅವರು ಈಗ ನಿಜವಾಗಿ ನಡೆಸಬೇಕು. ನಾನು ನನ್ನ ದನಿಯಲ್ಲೇ ಮೊಬೈಲಿಗೆ ಪ್ರಶ್ನೆ ತುಂಬಿಸಿ, ನಡುವೆ ಉತ್ತರಕ್ಕೆ ಜಾಗ ಬಿಟ್ಟು, ಕೇಳಿಸಿಕೊಂಡು ನೋಡಿದೆ. ಆ ದನಿ ಎಷ್ಟು ಬಿಗಿಯಾಗಿತ್ತೆಂದರೆ ಒಂದೆರಡು ಸಲ ನಾನು ನನಗೇ ‘ಸಾರ್’ ಎಂದುಬಿಟ್ಟೆ. ಭಾನುವಾರ ಸಂಜೆ ಬಾಗಿಲು ಹಾಕಿಕೊಂಡು ಕುಳಿತವನೊಬ್ಬ ಹೀಗೆ ತನಗೆ ತಾನೇ ಸಾರ್ ಎನ್ನತೊಡಗಿದರೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ಹೆದರಿ, ಪುಸ್ತಕ ಹಿಡಿದು ಮೆಟ್ಟಿಲಿಳಿದೆ.

ಕೆಳಗೆ ಮನೆಯೊಡತಿ ಮುನಿಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವರ ಮಗ, ಸೊಸೆ ಇಬ್ಬರೂ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾರೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಓಡಿದರೆ ಕತ್ತಲಾದ ಮೇಲೆ ಬಂದು, ಉಂಡು, ಟಿವಿಯ ಮುಂದೆ ಕೂತಲ್ಲೇ ತೂಕಡಿಸುತ್ತಾರೆ. ಮನೆಯೊಳಗೆ ಆಡುವುದು ತೆಲುಗು; ಕನ್ನಡ ಓದುವುದನ್ನು ಮುನಿಲಕ್ಷ್ಮಮ್ಮ ನಾಲ್ಕನೆಯ ತರಗತಿಗೇ ನಿಲ್ಲಿಸಿದ್ದರು. ಒಂದಷ್ಟು ಹೊತ್ತು ಪ್ರಶ್ನೆ ಕೇಳುತ್ತೀರಾ ಎಂದು ಸಂಕೋಚದಿಂದಲೇ ಕೇಳಿದೆ. ಅವರು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು.

ಅಂದಿನಿಂದ ದಿನಾ ಸಂಜೆ ಶಾಲೆಯಿಂದ ಬಂದವನೇ ಜಗಲಿಗೆ ಹಾಜರಾಗುತ್ತಿದ್ದೆ. ಓದು ಸಾಗಿತೆಂದು ಹೇಳಲಾರೆ. ಅಕ್ಷರ ಕೂಡಿಸಿಕೊಂಡು ಅವರು ‘ಅವಿಶ್ವಾಸ ನಿರ್ಣಯ’ವನ್ನು ಮುಟ್ಟುವ ಹೊತ್ತಿಗೆ ಯಾವ ಸರ್ಕಾರವಾದರೂ ಬಹುಮತ ಕೂಡಿಸಿಕೊಂಡು ಬಿಡಬಹುದಿತ್ತು. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಅವರು ಪುಸ್ತಕ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಕೋರಂ ಎಂದರೆ ಸಭೆ ನಡೆಯಲು ಕನಿಷ್ಠ ಇಷ್ಟು ಜನ ಇರಲೇಬೇಕೆಂಬ ಲೆಕ್ಕ ಎಂದಾಗ, ತಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಂಡು ಎಷ್ಟು ಕಾಲವಾಯಿತೆಂದು ನೆನಪು ಮಾಡಿಕೊಳ್ಳತೊಡಗಿದರು. ಆವತ್ತಿನ ಓದು ಅಲ್ಲಿಗೇ ಮುಗಿಯಿತು.

ಒಂದು ಸಂಜೆ ‘ಶೂನ್ಯ ವೇಳೆ’ ಬಂತು. ಪ್ರಶ್ನೋತ್ತರ ವೇಳೆ ಮುಗಿದ ಮೇಲೆ, ಮುಂಚಿತವಾಗಿ ನೋಟಿಸು ಕೊಡದೆಯೂ ಸದಸ್ಯರು ತುರ್ತು ವಿಷಯ ಎತ್ತಬಹುದಾದ ಹೊತ್ತು ಎಂದು ವಿವರಿಸಿದೆ. ಮುನಿಲಕ್ಷ್ಮಮ್ಮ ಪುಸ್ತಕವನ್ನು ಮಡಿಲಿನಲ್ಲಿಟ್ಟುಕೊಂಡರು.

“ಅಂಗಾದ್ರೆ ನಾನೂ ಒಂದು ಕೇಳ್ಲೇನಪ್ಪ?”

“ಕೇಳಿ ಅಮ್ಮ.”

“ನೀನು ಬಂದಾಗಿಂದ ನೋಡ್ತಾನೇ ಇದೀನಿ. ನಿನ್ನ ನೋಡಕ್ಕೆ ಒಬ್ಬರೂ ಬರಲ್ವಲ್ಲ, ಯಾಕೆ?”

ಗೌರಿಬಿದನೂರಿನಲ್ಲಿ ಅಕ್ಕನ ಮನೆಯಿದೆ, ಅವಳ ಸಂಸಾರ ಅವಳಿಗೆ. ಗೆಳೆಯರ ವಿಷಯ ಹೇಳಿದೆನಲ್ಲ. ಕೆಲಸ ಸಿಕ್ಕಮೇಲೆ ಎಲ್ಲರನ್ನೂ ಕರೆಯೋಣವೆಂದು ನಾನೇ ಯಾರನ್ನೂ ಕರೆದಿರಲಿಲ್ಲ. ಇದನ್ನೆಲ್ಲ ಹೇಳುವ ಬದಲು, ಶೂನ್ಯ ವೇಳೆಯಲ್ಲಿ ಎತ್ತಿದ ವಿಷಯಕ್ಕೆ ಮಂತ್ರಿಗಳು ಆಗಲೇ ಉತ್ತರ ಕೊಡಬೇಕೆಂಬ ಕಡ್ಡಾಯವಿಲ್ಲ ಅಮ್ಮ ಎಂದೆ.

“ಬಿಡು ಮತ್ತೆ. ಮಂತ್ರಿಗೇ ಇಲ್ದಿರೋ ಕಡ್ಡಾಯ ನಿಂಗ್ಯಾಕೆ,” ಎಂದು ಒಳಗೆ ಹೋಗಿ, ಒಂದು ಬಟ್ಟಲು ಹುಳಿ ತಂದು ಪಕ್ಕದಲ್ಲಿಟ್ಟರು.

ಪರೀಕ್ಷೆಯ ದಿನ ಶೂನ್ಯ ವೇಳೆಯ ಮೇಲೆ ನಿಜವಾಗಿಯೂ ಒಂದು ಪ್ರಶ್ನೆ ಬಂದಿತ್ತು. ಓದಿದವನೇ ನಕ್ಕುಬಿಟ್ಟೆ. ಕೊಠಡಿ ಮೇಲ್ವಿಚಾರಕರು ಬಂದು ನನ್ನ ಡೆಸ್ಕಿನ ಕೆಳಗೆಲ್ಲ ಬಗ್ಗಿ ನೋಡಿದರು. ಆ ಉತ್ತರವೊಂದು ಸರಿಯಾಗಿತ್ತು. ಉಳಿದವು ಅಷ್ಟಾಗಿ ಇರಲಿಲ್ಲವೆಂದು ಕಾಣುತ್ತದೆ. ಆಯ್ಕೆಪಟ್ಟಿ ಬಂದಾಗ ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲಕ್ಕೆ ಹುಡುಕಿದೆ. ನನ್ನ ಹೆಸರಿನವರೊಬ್ಬರಿದ್ದರು, ತಂದೆಯ ಹೆಸರು ಬೇರೆ. ಇನ್ನೊಂದು ಸಲ ಕಟ್ಟೋಣವೆಂದರೆ ವಯಸ್ಸಿನ ಮಿತಿ ದಾಟಿತ್ತು.

ಆ ಸಂಜೆ ಪುಸ್ತಕವಿಲ್ಲದೆ ಜಗಲಿಗೆ ಹೋಗಿ ವಿಷಯ ತಿಳಿಸಿದೆ. ಸಿಗಲಿಲ್ಲ, ಇನ್ನು ಪರೀಕ್ಷೆಯೂ ಇಲ್ಲ, ಇಷ್ಟು ದಿನ ನಿಮಗೆ ತೊಂದರೆ ಕೊಟ್ಟೆ ಎಂದೆ. ಸಮಾಧಾನದ ಮಾತು ಬರುತ್ತದೆಂದು ಕಾದೆ.

“ಅಂಗಾದ್ರೆ ನಾಳೆಯಿಂದ ಕೆಳಗೆ ಬರಲ್ವಾ ನೀನು?”

ಅವರು ಕನ್ನಡಕವನ್ನು ಆಗಲೇ ಒರೆಸಿ ಸೆರಗಿನಲ್ಲಿ ಹಿಡಿದುಕೊಂಡಿದ್ದರು.

ಮರುದಿನ ಶಾಲೆಯಿಂದ ಬರುತ್ತ ಪುಸ್ತಕದಂಗಡಿಗೆ ಹೋಗಿ, ಪ್ರಚಲಿತ ವಿದ್ಯಮಾನ ಮತ್ತು ಆಡಳಿತ ಪದಕೋಶದ ಹೊಸ ಆವೃತ್ತಿ ಕೇಳಿದೆ. ಹಳೆಯದರಲ್ಲಿದ್ದ ಮಂತ್ರಿಗಳ ಖಾತೆಗಳೆಲ್ಲ ಬದಲಾಗಿದ್ದವು. ಅಂಗಡಿಯವರು ನನ್ನ ತಲೆಗೂದಲು ನೋಡಿ, ಮಗನಿಗಾ ಸಾರ್ ಎಂದರು. ಇಲ್ಲ, ನಮ್ಮ ಮನೆ ಓನರಿಗೆ ಎಂದೆ.

ಸಂಜೆ ಮುನಿಲಕ್ಷ್ಮಮ್ಮ ಮೊದಲ ಪುಟ ತೆರೆದು, ಬೆರಳಿಟ್ಟು, “ಪೀ... ಠಿಕೆ. ಪೀಠಿಕೆ ಅಂದ್ರೇನಪ್ಪ?” ಎಂದರು. ಸಂವಿಧಾನದ ಪೀಠಿಕೆಯನ್ನು ನಾನು ನಿದ್ದೆಗಣ್ಣಿನಲ್ಲೂ ಒಂದಕ್ಷರ ಬಿಡದೆ ಒಪ್ಪಿಸಬಲ್ಲೆ. ಆದರೆ ಥಟ್ಟನೆ ಹೇಳಿದರೆ ಅವರು ಪುಟ ತಿರುವಿಬಿಡುತ್ತಾರೆ, ಪುಸ್ತಕ ಈ ಸಲ ಬೇರೆ ತೆಳ್ಳಗಿದೆ. ಇಷ್ಟು ವರ್ಷ ಗೊತ್ತಿಲ್ಲದ್ದಕ್ಕೆಲ್ಲ ಗೊತ್ತೆಂದು ಗುರುತು ಹಾಕಿ ಅಂಕ ಕಳೆದುಕೊಂಡ ನಾನು, ಗೊತ್ತಿರುವುದನ್ನು ಗೊತ್ತಿಲ್ಲವೆಂದದ್ದು ಅದೇ ಮೊದಲು.