ಕೃಷಿಕನ ಮಗಳಿಗೆ ಬೀಜದ ಪರೀಕ್ಷೆ

ಅಂಕಗಳ ವಿಷಯದಲ್ಲಿ ಮಾತಾಡುವ ಹಕ್ಕು ಕೊಳ್ಳೇಗಾಲದಲ್ಲಿ ನನಗಿರುವಷ್ಟು ಇನ್ನಾರಿಗೂ ಇಲ್ಲವೆಂಬುದು ನನ್ನ ನಂಬಿಕೆ. ನನ್ನದು ಜೆರಾಕ್ಸ್ ಅಂಗಡಿ. ಹನೂರು, ಯಳಂದೂರು ಕಡೆಯ ಮಕ್ಕಳ ಅಂಕಪಟ್ಟಿಗಳು ನನ್ನ ಕೈ ದಾಟಿಯೇ ಕಾಲೇಜು ಸೇರುತ್ತವೆ. ಅವುಗಳ ಮೇಲೆ ದಿನವೂ ಬೆಳಕು ಚೆಲ್ಲುವವನು ನಾನು. "ಪರೀಕ್ಷೆಯಷ್ಟು ನ್ಯಾಯವಾದದ್ದು ಬೇರೊಂದಿಲ್ಲ, ಅದು ಯಾರ ಮುಖವನ್ನೂ ನೋಡೋದಿಲ್ಲ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದೆ. ಜೆರಾಕ್ಸಿಗೆ ಮಾತ್ರ ದುಡ್ಡು, ಈ ಮಾತು ಪುಕ್ಕಟೆ.

ಮಗಳು ಸಿಂಧು ಕೃಷಿ ಕಾಲೇಜೇ ಬೇಕೆಂದು ಹಟ ಹಿಡಿದಳು. ಅಲ್ಲಿ ಕೃಷಿಕರ ಮಕ್ಕಳಿಗೆಂದು ಒಂದಷ್ಟು ಸೀಟುಗಳಿವೆ. ಅದಕ್ಕೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆಯೂ ಉಂಟು. ಸಿಇಟಿ ಬರೆದು ಬಂದವಳ ಮುಖ ನೋಡಿದರೇ ಸಾಕಿತ್ತು, ಈ ಅಂಕವೂ ಬಾರದಿದ್ದರೆ ಸೀಟು ಇಲ್ಲವೆಂದು ಗೊತ್ತಾಗುತ್ತಿತ್ತು. ನಾನು ಕೃಷಿಕನೇ ಎಂದು ಕೇಳಿದರೆ, ಪಹಣಿಯಲ್ಲಿ ಹೌದು. ಸತ್ತೇಗಾಲದಲ್ಲಿ ನನ್ನ ಹೆಸರಿನ ಗದ್ದೆಯಿದೆ. ಉಳುವವರಿಗೆ ಬೆಳೆಯ ಪಾಲಿನ ಲೆಕ್ಕದಲ್ಲಿ ವಾರಕ್ಕೆ ಕೊಟ್ಟಿದ್ದೇವೆ. ನಮ್ಮ ಪಾಲಿನ ಭತ್ತ ಬಂದಾಗ ಚೀಲ ಎಲ್ಲಿ ಇಳಿಸಬೇಕೆಂದು ತೋರಿಸುವವನು ನಾನೇ. ಬೇಸಾಯವೆಂದರೆ ಅಷ್ಟು ಸುಲಭವಲ್ಲ ನೋಡಿ.

ಹೀಗಾಗಿ ತರಬೇತಿಯ ಹೊಣೆಯನ್ನೂ ನಾನೇ ಹೊತ್ತೆ. ಬೀಜದಂಗಡಿಯಿಂದ ಬಗೆಬಗೆಯ ಬೀಜ ತಂದು, ಕಾಫಿ ಲೋಟಗಳಿಗೆ ಸುರಿದು, ಹಾರದಿರಲೆಂದು ಫ್ಯಾನ್ ಆರಿಸಿ ಗಂಭೀರವಾಗಿ ಕುಳಿತೆ.

"ಈರುಳ್ಳಿ ಬೀಜ" ಅಂದಳು ಮಗಳು.

"ತಪ್ಪು. ಕರಿ ಎಳ್ಳು."

"ಇದು ಸಾಮೆ."

"ತಪ್ಪು. ನವಣೆ."

"ಸರ್ಯಾಗ್ ನೋಡಪ್ಪ!"

ಪರೀಕ್ಷಕನ ಜೊತೆ ವಾದಿಸಿದ್ದಕ್ಕೆ ಇನ್ನೊಂದು ಅಂಕ ಕಿತ್ತುಕೊಂಡೆ. ಕೊನೆಗೆ ಫೇಲೆಂದು ಸಾರಿದಾಗ ಹುಡುಗಿ ಅತ್ತೇಬಿಟ್ಟಳು. ಆದರೆ ನ್ಯಾಯವೆಂದರೆ ನ್ಯಾಯ.

ಅಳು ಕೇಳಿ ನನ್ನ ಹೆಂಡತಿ ಅಡುಗೆಮನೆಯಿಂದ ಬಂದಳು. ಅವಳು ಕಾಮಗೆರೆಯ ಬೇಸಾಯದ ಮನೆಯವಳು. ಮಗಳ ಬೇಸಿಗೆ ರಜೆಗಳೆಲ್ಲ ಕಳೆದದ್ದು ಅಲ್ಲಿನ ಹೊಲದಲ್ಲೇ. ಈ ಸಂಗತಿ ಪರೀಕ್ಷಕನ ಗಮನಕ್ಕೆ ಬಂದಿರಲಿಲ್ಲ. ಹೆಂಡತಿ ಲೋಟಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಮಗಳು ಅಂದಿರದೆಲ್ಲ ಸರ್ಯಾಗೇ ಅದೆ ಕಣ್ರಿ. ಈರುಳ್ಳಿ ಬೀಜವ ಎಳ್ಳು ಅಂತೀರಲ್ಲ, ಬೆಲ್ಲ ಆಕಿ ಉಂಡೆ ಕಟ್ಕೊಡ್ಲಾ, ತಿಂದೀರಾ? ಫೇಲಾಗಿರೋರು ನೀವು!"

ಸಿಂಧು ಕಣ್ಣೊರೆಸಿಕೊಂಡಳು. ನಗುತ್ತಾಳೆಂದುಕೊಂಡರೆ ಯೋಚನೆಗೆ ಬಿದ್ದಳು.

"ಅಪ್ಪ, ಅಪ್ಪಂದಿರು ಕೃಷಿಕರು ಅಂತ ತಾನೆ ಈ ಸೀಟು ಕೊಡದು? ಅಂದ್ಮೇಲೆ ಪರೀಕ್ಷೆನ ಅಪ್ಪಂದಿರ್ಗೆ ಮಾಡ್ಬೇಕಲ್ವಾ?"

ಇಷ್ಟು ನ್ಯಾಯವಾದ ಮಾತನ್ನು ನನ್ನ ಅಂಗಡಿಯಲ್ಲಿ ಯಾರೂ ಆಡಿದ್ದಿಲ್ಲ, ನಾನೂ ಸೇರಿದಂತೆ. ಹೆಮ್ಮೆಯಿಂದ ಅವಳ ತಲೆ ಸವರಿದೆ.

"ಭೇಷ್ ಕಣವ್ವ, ನ್ಯಾಯ ಅಂದ್ರೆ ಇದು. ಆದ್ರೆ ಸೀಟು ಸಿಗೋಗಂಟ ಇದ ಯಾರ ತಾವೂ ಬಾಯ್ಬಿಡ್ಬೇಡ" ಅಂದೆ.