ಹಿಂದಕ ಹೋಗದ ಕಾರು

ಹೊಸಾ ಗಾಡಿ ಕೆಟ್ರ ಬರೇ ಗಾಡಿ ಕೆಡತೈತಿ. ಹಳೇ ಗಾಡಿ ಕೆಟ್ರ ಊರಿಗೆಲ್ಲ ಕೆಲಸ ಸಿಗತೈತಿ. ಒಬ್ಬ ದೂಡ್ತಾನ, ಒಬ್ಬ ಬುದ್ಧಿ ಹೇಳ್ತಾನ, ಒಬ್ಬ ಕಲ್ಲು ತಂದು ಗಾಲಿಗೆ ಇಡ್ತಾನ, ಇನ್ನೊಬ್ಬ ಬಂದು "ಈ ಕಲ್ಲು ಯಾವ ಶಾಣ್ಯಾ ಇಟ್ಟಾನ್ಲೇ?" ಅಂತ ಬೈತಾನ. ಮಸ್ಕಿಯೊಳಗ ಸಿಂಧನೂರು ರಸ್ತಾದ ಬಾಜೂಕ ತಗಡಿನ ಗ್ಯಾರೇಜ್ ಇಟಗೊಂಡು ಕುಂತ ನನಗ ಇಂಥಾವು ದಿನಾ ಒಂದಿಲ್ಲೊಂದು ಆಗತಾನ ಇರ್ತಾವ. ಈ ವರ್ಷದ ಮದಿವಿ ಸುಗ್ಗಿಯಾಗ ಆಗಿದ್ದು ಮಾತ್ರ ನೆನಸಿಕೊಂಡ್ರ ಈಗೂ ಹೊಟ್ಟಿ ಹಿಡಕೊಂಡು ನಗತೀನಿ.

ಎಮ್ಮಿ ಬಿಸಲಾಗ, ಕಾರು ನೆಳ್ಳಾಗ

ನಮ್ಮ ದೋಸ್ತನ ಹತ್ರ ಅವರಪ್ಪನ ಕಾಲದ್ದೊಂದು ಬಿಳಿ ಅಂಬಾಸಿಡರ್ ಐತಿ. ಗೇರಿನ ದಂಡಿ ಸ್ಟೇರಿಂಗಿನ ಬುಡಕ. ಎಂಜಿನ್ ಅಂದ್ರ ಗುಂಡಕಲ್ಲು, ಅದಕೇನೂ ಆಗಂಗಿಲ್ಲ. ಆದ್ರ ದಂಡಿಯಿಂದ ಗೇರ್‌ಬಾಕ್ಸಿಗೆ ಹೋಗೋ ಕಬ್ಬಿಣದ ಸಳಿಗಳಾಗ ರಿವರ್ಸಿಂದು ಒಂದು ಸವದು ಸವದು ಗೇರಿನ ತನಕ ಮುಟ್ಟವಲ್ದು. ಮುಂದಕ ಹೋಗೋ ಗೇರೆಲ್ಲ ಬೀಳ್ತಾವ. ರಿವರ್ಸಿಗೆ ಹಾಕಿದ್ರ ದಂಡಿ ಅಷ್ಟಾ ಅಳ್ಳಾಡತೈತಿ, ಗಾಡಿ ಜಗ್ಗಂಗಿಲ್ಲ. ಆ ಸಳಿಗೆ ನಾ ರಾಯಚೂರು ತನಕ ಹುಡುಕೀನಿ. ಅಂಗಡಿಯವರು "ಅಂಬಾಸಿಡರ್ದಾ?" ಅಂತ ಕೇಳಿ, ಪಾಪ ಅಂತ ಚಾ ಕುಡಿಸಿ ಕಳಿಸಿದ್ರು.

ದೋಸ್ತ ಏನು ಮಾಡಿದ? ಮನಿ ಬಾಜೂಕ ಎಮ್ಮಿ ಕಟ್ಟೋ ಛಪ್ಪರದ ಹಿಂದ್ಲ ಗೋಡಿ ಒಡದ. ಮುಂದಿನಿಂದ ಹೊಕ್ಕ ಕಾರು ಹಿಂದಿನಿಂದ ಸೀದಾ ಹೊರಗ ಬರಬೇಕಲ್ಲ! ಗೋಡಿ ಬಿದ್ದಿದ್ದ ಬಿತ್ತು, ಅವನ ಹೆಂಡ್ತಿ ಸಿಟ್ಟು ಎದ್ದಿದ್ದ ಎದ್ದಿತು. ಆಕಿಗೆ ನಾ ಅಕ್ಕಾರ ಅಂತೀನಿ.

"ಎಮ್ಮಿ ಬಿಸಲಾಗ ನಿಂತೈತಿ, ಕಾರು ನೆಳ್ಳಾಗ ನಿಂತೈತಿ. ಇವೆರಡರಾಗ ಹಾಲು ಕೊಡೂದು ಯಾವುದು, ಕೇಳ್ರಿ ನಿಮ್ಮ ದೋಸ್ತನ್ನ" ಅಂದ್ಲು ಅಕ್ಕ.

"ಕಾರು ಸಗಣಿ ಹಾಕಂಗಿಲ್ಲಲ್ಲ?" ಅಂದ ದೋಸ್ತ.

"ಎಣ್ಣಿ ಹಾಕತೈತಲ್ಲ ದಿನಾ! ಸಗಣಿಯಾದ್ರ ಕುಳ್ಳಾದ್ರೂ ತಟ್ತಿದ್ದೆ."

ಕಡೀಕ ಆಕಿ ತೀರ್ಪು ಕೊಟ್ಲು. ಈ ಸುಗ್ಗಿ ಮುಗಿಯೂದ್ರಾಗ ಕಾರು ಒಂದಾದ್ರೂ ಮದಿವಿಗೆ ಹೋಗಬೇಕು. ಇಲ್ಲಂದ್ರ ಸಿಂಧನೂರಿನ ಗುಜರಿಯವ ಒಯ್ತಾನ, ಛಪ್ಪರ ಎಮ್ಮಿದು. ದೋಸ್ತ ಹೋಗಿ ಕಾರಿನ ಬಾನೆಟ್ ಒರಸಾಕತ್ತಿದ. ಕಿವಿಯಿಂದ ಕೇಳಿ ಕೈಯಿಂದ ಬಿಚ್ಚೋ ಗಾಡಿ ಈ ಕಡೆ ಅದೊಂದ ಉಳದೈತಿ. ಅದೂ ಹೋದ್ರ ನನ್ನ ವಿದ್ಯಾ ಯಾರಿಗೆ ಬೇಕು?

"ಅಕ್ಕಾರ, ಎಮ್ಮಿ ಮ್ಯಾಲ ಕುಂತು ಮದಿವಿಗೆ ಹೋಗಾಕ ಬರತೈತೇನ್ರಿ?" ಅಂದೆ.

"ಈ ಕಾರಿನಾಗ ಕುಂತ್ರ ಎಲ್ಲಿ ಬರತೈತ್ರಿ?" ಅಂದ್ಲು.

ಅರಿಷಿಣ ಕುಂಕುಮ

ಮೊದಲ ಗಿರಾಕಿ ಬಳಗಾನೂರಿನಿಂದ ಬಂತು. ಮದಿವಿಗಲ್ಲ, ಸಿಂಧನೂರಿನಾಗ ಹೆಣ್ಣು ನೋಡಾಕ. ಮೊಮ್ಮಗಗ ಹೆಣ್ಣು ನೋಡಾಕ ಒಬ್ಬ ಮುದುಕಿ ಹಿಂದ ಕುಂತಿದ್ಲು. ಬಾಜೂಕ ಆಕಿ ಮಗ. ಮುಂದ ದೋಸ್ತ ಮತ್ತ ನಾನು. ಇಂಥಾ ಗಾಡಿಗೆ ಒಬ್ಬ ಡ್ರೈವರ್ ಸಾಲಂಗಿಲ್ಲ, ಒಬ್ಬ ಮಿಸ್ತ್ರಿನೂ ಬೇಕು. ನೀರು ಕೊಟ್ಟ ಭತ್ತದ ಗದ್ದಿ ದಾಟಿ ಸಿಂಧನೂರು ಇನ್ನೇನು ಬಂತು ಅನ್ನೂದ್ರಾಗ ಬಾನೆಟ್ಟಿನಿಂದ ಹಬಿ ಎದ್ದಿತು. ರೇಡಿಯೇಟರಿಗೆ ಸಣ್ಣ ತೂತು ಬಿದ್ದಿತ್ತು.

ಹಳೇ ಮಿಸ್ತ್ರಿಗಳಿಗೆಲ್ಲ ಗೊತ್ತಿರೋ ಮದ್ದು ಐತಿ: ಒಂದು ಹಿಡಿ ಅರಿಷಿಣ ಪುಡಿ ನೀರಾಗ ಹಾಕಿದ್ರ ಅದು ತೂತಿನಾಗ ಹೋಗಿ ಕುಂದರತೈತಿ, ಸೋರೂದು ನಿಲ್ಲತೈತಿ. ಗಾಡಿ ಆರಿದ ಮ್ಯಾಲ ನಾ ಮುದುಕಿಗೆ ಕೇಳಿದೆ, "ಅಮ್ಮಾ, ಅರಿಷಿಣ ಐತೇನ್ರಿ?"

ಹೆಣ್ಣಿನ ಮನಿಗೆ ಹೊಂಟಾಕಿ ಅರಿಷಿಣ ಇಲ್ಲದ ಹೋಗ್ತಾಳೇನು? ಕೊಟ್ಲು, ಸುರುವಿದೆ. ನಾ ಕಾಲುವಿಗೆ ನೀರು ತರಾಕ ಹೋಗಿ ಬರೂದ್ರಾಗ ಮುದುಕಿ ಕುಂಕುಮದ ಡಬ್ಬಿ ಪೂರಾ ರೇಡಿಯೇಟರಿನಾಗ ಬೋರಲು ಹಾಕಿದ್ಲು.

"ಅಯ್ಯ ಅಮ್ಮಾ, ಏನ್ ಮಾಡಿದ್ರಿ!"

"ಬರೇ ಅರಿಷಿಣ ಹಾಕಿ ಬಿಡತಾರೇನೋ ತಮ್ಮಾ? ನಿನಗ ಮನ್ಯಾಗ ಯಾರೂ ಹೇಳಿಲ್ಲೇನು?"

ತೂತು ಮುಚ್ಚಿತು, ಆದ್ರ ಪೂರಾ ಮುಚ್ಚಲಿಲ್ಲ. ಹೆಣ್ಣಿನ ಮನಿ ಮುಂದ ಗಾಡಿ ನಿಂತಾಗ ಬುಡಕ ಕೆಂಪು ಹನಿ ತೊಟ್ ತೊಟ್ ಬೀಳಾಕತ್ತಿದ್ವು. ಹೆಣ್ಣಿನ ತಂದಿ ಗಾಬರಿಯಾಗಿ, "ಹಾದ್ಯಾಗ ಏನರ ಹಾಯಿಸಿಕೊಂಡು ಬಂದ್ರೇನ್ರಿ?" ಅಂದ.

ಮುದುಕಿ ಸಮಾಧಾನದಿಂದ ಕೆಳಗಿಳದು, "ಏನಿಲ್ಲಪ್ಪ, ನಮ್ಮ ಗಾಡಿ ಮುತ್ತೈದಿ ಐತಿ" ಅಂದ್ಲು.

ಕಿವಿಗೆ ಸ್ಕ್ರೂಡ್ರೈವರ್

ಹೆಣ್ಣು ಒಪ್ಪಿಗಿ ಆತು. ಆದ್ರ ಮದಿವಿಗೆ ಮುದುಕಿ ಮಗ ಬ್ಯಾರೇ ಹೊಸಾ ದೊಡ್ಡ ಗಾಡಿ ಹೇಳಿಟ್ಟ. ಅಕ್ಕ ಎಮ್ಮಿ ಬೆನ್ನು ಸವರಿ, "ಇನ್ನೊಂದು ಸ್ವಲ್ಪ ದಿನ ತಡಕೊ ನಮ್ಮವ್ವಾ" ಅಂದ್ಲು.

ಆಮ್ಯಾಲ ಗುರುಗುಂಟಾದಾಗ ಒಂದು ಮದಿವಿ ಐತಿ ಅಂತ ಸುದ್ದಿ ಬಂತು. ಹುಡುಗಿ ಅಜ್ಜಗ ಕುರಿ ಹಿಂಡು ಐತಿ, ಹಳೇ ಕಾರು ಅಂದ್ರ ಪ್ರೀತಿ. ಗಾಡಿ ತಂದು ತೋರಸ್ರಿ ಅಂದಿದ್ದ. ಒಯ್ದೆವು. ಮನಿ ಮುಂದ ನಿಲ್ಲಿಸೂದ್ರಾಗ ಎಂಜಿನ್ನಿನಾಗ ಟಿಕ್ ಟಿಕ್ ಅಂತ ಸಪ್ಪಳ. ನಾ ಉದ್ದಾನ ಸ್ಕ್ರೂಡ್ರೈವರ್ ತಗದು, ಚೂಪು ತುದಿ ಎಂಜಿನ್ನಿಗೆ, ಹಿಡಿಕಿ ಕಿವಿಗೆ ಹಚ್ಚಿದೆ. ಒಳಗ ಯಾವ ಕಡೆ ಸಪ್ಪಳ ಐತಿ ಅನ್ನೂದು ಹಿಂಗ ಚೊಲೊ ಕೇಳತೈತಿ.

ಸುತ್ತ ಜನ ಕೂಡಿದ್ರು. ಅಜ್ಜ ಮುಂದ ಬಂದ.

"ಎಲ್ಲಿ ಸಪ್ಪಳ ಐತಿ ಅಂತ ಇದರಾಗ ಗೊತ್ತಾಗತೈತೇನು?"

"ಗೊತ್ತಾಗತೈತ್ರಿ."

"ಹಂಗಾದ್ರ ಇಲ್ಲಿ ನೋಡು." ಧೋತ್ರ ಮ್ಯಾಲ ಮಾಡಿ ಮೊಣಕಾಲು ಮುಂದ ಇಟ್ಟ. "ಕುಂತ್ರ ಕಟ್ ಅಂತೈತಿ, ಎದ್ರ ಕಟಕಟ ಅಂತೈತಿ. ದವಾಖಾನ್ಯಾಗ ಬರೇ ಫೋಟೋ ತಗೀತಾರ, ಕೇಳವಲ್ರು."

ಹಿರ್ಯಾರ ಮಾತು ಮುರೀಬಾರದು. ಮೊಣಕಾಲಿಗೆ ಹಚ್ಚಿ ಕೇಳಿದೆ. "ಬೇರಿಂಗ್ ಸವದಾವ್ರಿ, ಭಾರ ಕಡಿಮಿ ಹಾಕ್ರಿ" ಅಂದೆ. ಅಜ್ಜ ಖುಷಿಯಾಗಿ, "ದವಾಖಾನ್ಯಾಗೂ ಇದ ಹೇಳ್ಯಾರ, ಆದ್ರ ಹಿಂಗ ತಿಳಿಯಂಗ ಹೇಳಿದ್ದಿಲ್ಲ" ಅಂದ. ಅಷ್ಟಾ ಸಾಕಾತು. ಓಣಿ ಮುದುಕ್ರೆಲ್ಲ ಸಾಲು ಹಚ್ಚಿದ್ರು. ಭುಜ, ನಡ, ಕುತ್ತಿಗಿ. ಒಬ್ಬಾಕಿ ತನ್ನ ಗಂಡನ ತಲಿಗೆ ಹಚ್ಚಿ "ಒಳಗ ಏನರ ಐತೇನು ನೋಡ್ರಿ" ಅಂದ್ಲು.

ಹೊತ್ತು ಮುಳುಗಾಕ ಬಂತು. ದೋಸ್ತ ಅಜ್ಜನ ಮುಂದ ಕೈ ಮುಗದು, "ಯಜಮಾನ್ರ, ಮದಿವಿಗೆ ಕಾರಿನ ವಿಚಾರ ಏನು ಮಾಡಿದ್ರಿ?" ಅಂದ.

"ಕಾರು ಬ್ಯಾಡಪ್ಪ" ಅಂದ ಅಜ್ಜ. "ಮಿಸ್ತ್ರಿನ್ನ ಬಿಟ್ಟು ಹೋಗು."

ಲಿಂಗಸುಗೂರಿನ ಮುಚ್ಚಿದ ಓಣಿ

ಮೂರನೇ ಗಿರಾಕಿ ಲಿಂಗಸುಗೂರಿನವರು. ಈ ಸಲ ಅಕ್ಕಾನೂ ಬಂದ್ಲು, ರೇಶ್ಮಿ ಸೀರಿ ಉಟಗೊಂಡು. "ನೀವಿಬ್ಬರ ಹೋದ್ರ ಸ್ಕ್ರೂಡ್ರೈವರ್ ಆಡಿಸಿಕೊಂತ ಕುಂದರ್ತೀರಿ, ಮಾತು ನಾ ಮುಗಸ್ತೀನಿ" ಅಂದ್ಲು. ಬಾಯಿ ಏನರ ಅನ್ಲಿ, ಗಂಡನ ಮಾರಿ ಸಣ್ಣದಾಗಿದ್ದು ಆಕಿಗೂ ನೋಡಾಕ ಆಗವಲ್ದಾಗಿತ್ತು.

ಮನಿ ಓಣಿಯ ತುದಿಗೆ. ದೋಸ್ತ ಖುಷಿಯೊಳಗ ಸೀದಾ ಒಳಗ ಹೊಡದ. ತುದಿಗೆ ಗೋಡಿ. ಹೊಳ್ಳಿಸಾಕ ಜಾಗಾ ಇಲ್ಲ. ರಿವರ್ಸ್ ಅಂತೂ ಇಲ್ಲಾ ಇಲ್ಲ.

"ಈಗ?" ಅಂದೆ.

"ಈ ಗೋಡಿ ನಮ್ಮದಲ್ಲ, ಒಡಿಯಾಕ ಬರಂಗಿಲ್ಲ" ಅಂದ.

ಓಣಿ ಮಂದಿನ್ನ ಕರದು ಹಿಂದಕ ದೂಡಸಾಕತ್ತಿದೆವು. ಅಕ್ಕ ಮಾತ್ರ ಇಳೀಲಿಲ್ಲ. "ಇಷ್ಟು ಮಂದ್ಯಾಗ ಇಳದು ನಡದು ಹೋಗಂದ್ರ ಹೆಂಗ್ರಿ?" ಅಂತ ಒಳಗಾ ಕುಂತು ಸೆರಗು ಹೊಚಗೊಂಡ್ಲು. ಗಂಡಸ್ರು "ಹೈಸಾ" ಅಂತಾರ, ಕಾರು ಬೆನ್ನು ಮುಂದ ಮಾಡಿ ಹೊಂಟೈತಿ, ಒಳಗ ಮುಸುಕು ಹಾಕಿದ ಹೆಣಮಗಳು. ಯಾರೋ ಮಾಳಿಗಿ ಮ್ಯಾಲಿನಿಂದ ಅಕ್ಷತಿ ಒಗದ್ರು. ಇನ್ನೊಬ್ಬ ಅಜ್ಜಿ ಕಿಡಕ್ಯಾಗ ಬಗ್ಗಿ ನೋಡಿ, "ಮದಿಮಗಳಿಗೆ ವಯಸ್ಸು ಸ್ವಲ್ಪ ಹೆಚ್ಚಾತಲ್ಲಾ!" ಅಂದ್ಲು.

ಅಲ್ಲಿಗೆ ಆ ಗಿರಾಕಿ ಮಾತೂ ಮುಗೀತು. ಮಸ್ಕಿಗೆ ಬಂದು ಇಳದಾಕಿನ ಅಕ್ಕ ಗುಜರಿಯವಗ ಫೋನ್ ಹಚ್ಚಿದ್ಲು: "ನಾಳೆ ಸಂಜೀಕ ಬಂದು ಒಯ್ರಿ. ಹಾಂ, ಹಿಂದಕ ಜಗ್ಗಾಕ ಮಂದಿ ಬೇಕಾಗಿಲ್ಲ, ಗೋಡಿ ಮೊದಲ ಒಡದೈತಿ."

ಮುದುಕಿಯ ಪರೀಕ್ಷಾ

ಮರುದಿನ ದೋಸ್ತ ಮಾರಿ ತೋರಿಸಾಕ ಆಗದ ಮುಂಜಾನೆನ ಗದ್ದಿಗೆ ಹೋದ. ನನಗ ತಡಕೊಳ್ಳಾಕ ಆಗಲಿಲ್ಲ. ರಿವರ್ಸ್ ಒಂದು ಸರಿಯಾದ್ರ ಅಕ್ಕನ ಸಿಟ್ಟು ಇಳೀತೈತಿ ಅಂತ, ಟ್ರ್ಯಾಕ್ಟರಿನ ಹಳೇ ರಾಡು ಕೊಯ್ದು, ಬಡದು, ಬಗ್ಗಿಸಿ ಹೊಸಾ ಸಳಿ ಮಾಡಿಕೊಂಡು ಅವರ ಅಂಗಳಕ ಬಂದೆ. ಅಕ್ಕ ಒಳಗ ರೊಟ್ಟಿ ಬಡಿಯಾಕತ್ತಿದ್ಲು.

ಸಳಿ ಬರೋಬ್ಬರಿ ಕುಂತಿತು. ಅದರ ತುದಿಗೊಂದು ರಬ್ಬರಿನ ಬುಷ್ ಬೇಕಿತ್ತು, ಸಳಿ ಕಳಚಬಾರದು ಅಂತ. ಅಂಗಡ್ಯಾಗ ಅದು ಸಿಗಂಗಿಲ್ಲ. ಹಳೇ ಕಾಲದಿಂದ ನಾವು ಹವಾಯಿ ಚಪ್ಪಲಿ ಕೊಯ್ದು ಹಾಕ್ತೀವಿ. ಕಟ್ಟಿ ಬುಡಕ ಒಂದು ನೀಲಿ ಚಪ್ಪಲಿ ಬಿದ್ದಿತ್ತು. ಕೊಯ್ದೆ, ಹಾಕಿದೆ. ಗಾಡಿ ಚಾಲೂ ಮಾಡಿ ರಿವರ್ಸಿಗೆ ಹಾಕಿದ್ರ, ಏನ್ ಹೇಳ್ಲಿ, ಆ ಮುದಿ ಗಾಡಿ ಮೆತ್ತಗ ಹಿಂದಕ ಸರೀತು! ನನ್ನ ಕಣ್ಣಾಗ ನೀರು ಬಂತು. ಮತ್ತ ಮುಂದಕ ತಂದು ನಿಲ್ಲಿಸಿ, ದೋಸ್ತ ಬರ್ಲಿ ಅಂತ ಕಾಯಾಕತ್ತಿದೆ.

ದೋಸ್ತ ಬಂದ, ಒಬ್ಬನಾ ಅಲ್ಲ. ಸಂಗಾಟ ಬಳಗಾನೂರಿನ ಆ ಕುಂಕುಮದ ಮುದುಕಿ, ಆಕಿ ಮಗ, ಇನ್ನಷ್ಟು ಹಿರ್ಯಾರು. ದೋಸ್ತನ ಮಾರಿ ಅರಳಿತ್ತು.

ಮುದುಕಿ ಕಟ್ಟಿ ಮ್ಯಾಲ ಕುಂತು ಹಕೀಕತ್ತು ಬಿಚ್ಚಿದ್ಲು. ಅವರ ಮನ್ಯಾಗ ಒಂದು ನಂಬಿಕಿ. ಸೊಸಿನ್ನ ಮನಿ ತುಂಬಿಸಾಕ ಕರಕೊಂಡು ಬಂದ ಗಾಡಿ ಹೊಸ್ತಿಲ ಮುಂದ ಹಿಂದಕ ಸರೀಬಾರದು. ಗಾಡಿ ಹಿಂದಕ ಹೋದ್ರ ಸೊಸಿನೂ ತೌರಿಗೆ ಹಿಂದಕ ಹೋಗ್ತಾಳ. ಹಿರೇ ಮೊಮ್ಮಗನ ಮದಿವ್ಯಾಗ ಹೊಸಾ ಗಾಡಿ ಬಾಗಲ ಮುಂದ ಪೀಂ ಪೀಂ ಅಂತ ಒದರಿಕೊಂತ ಹಿಂದಕ ಸರೀತಂತ. ಸೊಸಿ ವಾರ ತುಂಬೂದ್ರಾಗ ತೌರಮನಿ ಸೇರಿದ್ಲಂತ.

"ಈ ಸಲ ನಾ ಬಿಡಂಗಿಲ್ಲ" ಅಂದ್ಲು. "ಲಿಂಗಸುಗೂರಿನ ಓಣ್ಯಾಗ ನಿಮ್ಮ ಕಾರು ಹಿಂದಕ ಹೋಗವಲ್ದಾಗಿತ್ತಂತಲ್ಲ, ಸುದ್ದಿ ನಮ್ಮೂರು ತನಕ ಬಂದೈತಿ. ಅಂಥಾದ್ದ ಬೇಕು ನಮಗ!"

ದೋಸ್ತ ಎದಿ ಉಬ್ಬಿಸಿ, "ಅಮ್ಮಾ, ದೇವರಾಣಿ, ಈ ಗಾಡಿಗೆ ಹಿಂದಕ ಹೋಗೂದು ಗೊತ್ತಾ ಇಲ್ಲ!" ಅಂದ.

ದೋಸ್ತಗ ಕಣ್ಣು ಸನ್ನಿ ಮಾಡಿದೆ. ನಾ ಖುಷಿಗೆ ಕಣ್ಣು ಹೊಡ್ಯಾಕತ್ತೀನಿ ಅಂತ ತಿಳಕೊಂಡು ಅಂವನೂ ಕಣ್ಣು ಹೊಡದ.

"ಬಾಯಿ ಮಾತು ಬ್ಯಾಡ, ನಾ ಕುಂತು ನೋಡ್ತೀನಿ" ಅಂತ ಮುದುಕಿ ಹಿಂದಿನ ಸೀಟಿನಾಗ ಕುಂತ್ಲು. ದೋಸ್ತ ಸ್ಟೇರಿಂಗ್ ಹಿಡದ. ರೊಟ್ಟಿ ಮುಗಿಸಿದ ಅಕ್ಕ ಕಾರಿನ ಹಿಂದ ಎಮ್ಮಿ ತಂದು ಕಟ್ಟಿದ್ಲು.

"ಏ, ಎಮ್ಮಿ ಐತಿ ಹಿಂದ! ತಡೀಲೇ!" ಅಂತ ಒದರಿದೆ.

"ಇದ್ರ ಇರ್ಲಿ ಬಿಡ್ಲೇ, ಹಿಂದಕ ಹೋಗೂದಾ ಇಲ್ಲಲ್ಲ!" ಅಂದ.

ದಂಡಿ ರಿವರ್ಸಿಗೆ ಜಗ್ಗಿದ. ನಾ ಕಣ್ಣು ಮುಚ್ಚಿದೆ. ಎಂಜಿನ್ ಗುರ್ ಅಂತು, ಬುಡಕ ಏನೋ ಪಟ್ ಅಂತು. ಕಣ್ಣು ತಗದು ನೋಡಿದ್ರ ಗಾಡಿ ನಿಂತಲ್ಲೆ ನಿಂತೈತಿ, ಎಮ್ಮಿ ಮೆಲಕು ಹಾಕಾಕತ್ತೈತಿ. ಎಂಜಿನ್ನಿನ ಕಾವಿಗೆ ಚಪ್ಪಲಿ ರಬ್ಬರ್ ಮೆತ್ತಗಾಗಿ, ನನ್ನ ಹೊಸಾ ಸಳಿ ಕಳಚಿ ಬಿದ್ದಿತ್ತು.

ಮತ್ತ ಜಗ್ಗಿದ. ದಂಡಿ ಅಷ್ಟಾ ಅಳ್ಳಾಡಿತು. ಮುಂದಕ ಹಾಕಿದ್ರ ಅಚ್ಚುಕಟ್ಟಾಗಿ ಹೋತು. ಮುದುಕಿ ಚಪ್ಪಾಳಿ ತಟಗೊಂತ ಇಳದ್ಲು. "ಭೇಷ್! ಇಂಥಾ ಗಟ್ಟಿ ಕೆಲಸ ಮಾಡಿದ ಮಿಸ್ತ್ರಿ ಯಾರಪ್ಪ?" ದೋಸ್ತ ನನ್ನನ್ನ ಮುಂದ ದೂಡಿದ. ಹಿರ್ಯಾರು ತಮ್ಮ ಹೆಗಲ ಮ್ಯಾಲಿನ ಶಾಲು ತಗದು ನನಗ ಹೊಚ್ಚಿದ್ರು. ಜನ್ಮದಾಗ ಎಷ್ಟೋ ಗಾಡಿ ಸರಿ ಮಾಡೀನಿ, ಒಬ್ಬರೂ ಶಾಲು ಹಾಕಿಲ್ಲ. ನನ್ನ ಕೆಲಸ ಕೆಟ್ಟ ದಿನ ಹಾಕಿದ್ರು.

ಅಷ್ಟೊತ್ತಿಗೆ ಅಕ್ಕ ಕಾರು ನಿಂತಿದ್ದ ಜಾಗಾದಾಗ ಬಿದ್ದಿದ್ದ ನೀಲಿ ರಬ್ಬರ್ ಎತ್ತಿಕೊಂಡು ನೋಡಾಕತ್ತಿದ್ಲು. ನೋಡಿ, ನನ್ನ ನೋಡಿದ್ಲು.

"ಮುಂಜಾನಿಂದ ಚಪ್ಪಲಿ ಹುಡುಕಿ ಹುಡುಕಿ ನಾಯಿಗೆ ಬೈದೀನಿ" ಅಂದ್ಲು.

ಇನ್ನೊಂದು ಚಪ್ಪಲಿ ಕೈಯಾಗ ತಗೊಂಡ್ಲು. ನಾ ಶಾಲು ತಲಿ ಮ್ಯಾಲ ಎಳಕೊಂಡೆ. ಆಕಿ ನನ್ನ ದಾಟಿ ಹೋಗಿ, ದೃಷ್ಟಿ ತಾಕಬಾರದು ಅಂತ ಅದನ್ನ ಕಾರಿನ ಹಿಂದ ಬಂಪರಿಗೆ ಕಟ್ಟಿದ್ಲು. ಗುಜರಿಯವಗ ಫೋನ್ ಮಾಡಿ, "ಬರಬ್ಯಾಡ್ರಿ, ಕಾರಿಗೆ ಮದಿವಿ ಐತಿ" ಅಂದ್ಲು. ದೋಸ್ತ ಅಳಾಕತ್ತಿದ್ನೋ ನಗಾಕತ್ತಿದ್ನೋ ನನಗ ತಿಳೀಲಿಲ್ಲ.

ಈಗ ಬಳಗಾನೂರಿನ ಆ ಸೊಸಿ ಗಂಡನ ಮನ್ಯಾಗ ಆರಾಮದಾಳ. ಬಿಳಿ ಕಾರಿಗೆ ಪುರಸೊತ್ತಿಲ್ಲ. ಅಕ್ಕ ಮಾತ್ರ ಹಟ ಬಿಡಲಿಲ್ಲ: "ಛಪ್ಪರ ಕಾರಿಗೆ ಉಳಿಸಿದಾವರು ನೀವು, ಎಮ್ಮಿಗೆ ನೆಳ್ಳೂ ನೀವ ಕೊಡ್ರಿ" ಅಂದ್ಲು. ಹಿಂಗಾಗಿ ಎಮ್ಮಿ ಈಗ ನನ್ನ ಗ್ಯಾರೇಜಿನಾಗ, ಗಾಡಿಗಳ ಸಾಲಿನಾಗ ನಿಂತೈತಿ.

ಹೊಸಾ ಗಿರಾಕಿ ಬಂದಾವರು ಅದನ್ನ ನೋಡಿ, "ಇದಕೇನಾಗೈತ್ರಿ ಮಿಸ್ತ್ರಿ?" ಅಂತ ಕೇಳ್ತಾರ.

"ಏನೂ ಆಗಿಲ್ರಿ" ಅಂತೀನಿ. "ನನ್ನ ಗ್ಯಾರೇಜಿನಾಗ ರಿವರ್ಸ್ ಬರೋಬ್ಬರಿ ಇರೂದು ಇದೊಂದ."